ಈಸ್ಟರ್ ರಜೆಯ ಜನಜಂಗುಳಿಯಲ್ಲಿ ಫ್ಲಾರೆನ್ಸ್: ಹೋಗುವುದೋ, ಬಿಡುವುದೋ?

ಪ್ರಶ್ನೆ: ನಾವು ಬೆಂಗಳೂರಿನ ಬನಶಂಕರಿಯವರು. 2027ರ ಮಾರ್ಚ್ ಕೊನೆಯಲ್ಲಿ ನಾನು, ನನ್ನ ಪತಿ, ಹದಿನಾರು ವರ್ಷದ ಮಗಳು ಮತ್ತು ಅತ್ತೆಯವರು ಇಟಲಿಗೆ ಹೊರಟಿದ್ದೇವೆ. ವಿಮಾನದ ಟಿಕೆಟ್ ತೆಗೆದಾಗಿದೆ. ರೋಮ್ ನೋಡಿಕೊಂಡು ಮಾರ್ಚ್ 26ರ ಶುಕ್ರವಾರ ಫ್ಲಾರೆನ್ಸ್‌ಗೆ ಬಂದು, ನಾಲ್ಕು ರಾತ್ರಿ ಉಳಿದು, ಮಂಗಳವಾರ ಮಿಲಾನ್ ಮೂಲಕ ಹಿಂದಿರುಗುವ ಯೋಜನೆ. ಅದು ಈಸ್ಟರ್ ವಾರಾಂತ್ಯ ಎಂಬುದು ಆಮೇಲೆ ಗೊತ್ತಾಯಿತು. ಮಗಳಿಗೆ ಚಿತ್ರಕಲೆ ಎಂದರೆ ಪ್ರಾಣ, ಹೊರಟಿರುವುದೇ ಅವಳಿಗಾಗಿ. ಅತ್ತೆಯವರಿಗೆ ಅರವತ್ತೊಂಬತ್ತು ವರ್ಷ, ಮೊಣಕಾಲು ನೋವಿದೆ, ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿ. "ಈಸ್ಟರ್‌ಗೆ ಊರೆಲ್ಲ ಮುಚ್ಚಿರುತ್ತದೆ, ತೆರೆದಿದ್ದರೂ ಕಾಲಿಡಲು ಜಾಗವಿರುವುದಿಲ್ಲ" ಎಂದು ಸಹೋದ್ಯೋಗಿಯೊಬ್ಬರು ಹೆದರಿಸಿದ್ದಾರೆ. ತಲೆಗೆ 110 ಯೂರೊ ಕೊಟ್ಟರೆ ಸಾಲಿನಲ್ಲಿ ನಿಲ್ಲದಂತೆ ಉಫಿಜಿ ಗ್ಯಾಲರಿ ಮತ್ತು ಡೇವಿಡ್ ವಿಗ್ರಹ ತೋರಿಸುವುದಾಗಿ ಏಜೆಂಟರು ಹೇಳುತ್ತಾರೆ. ಪೀಸಾದಲ್ಲಿ ಉಳಿದುಕೊಂಡು ಹಗಲು ಹೋಗಿ ಬನ್ನಿ ಎಂಬುದು ಮೈದುನನ ಸಲಹೆ. ಜೇಬುಗಳ್ಳರ ಭಯ ಬೇರೆ. ಫ್ಲಾರೆನ್ಸನ್ನು ಕೈಬಿಡುವುದೇ ಒಳ್ಳೆಯದೇ?

ಉತ್ತರ: ಕೈಬಿಡಬೇಡಿ. ಆದರೆ ನೋಡಬೇಕಾದ ಸ್ಥಳಗಳ ಪಟ್ಟಿಯನ್ನು ಅರ್ಧಕ್ಕೆ ಇಳಿಸಿ, ಉಳಿದ ಅರ್ಧವನ್ನು ನೋಡುವ ಹೊತ್ತನ್ನು ಬದಲಿಸಿ.

ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆಗಳಿವೆ, ಆತಂಕ ಮಾತ್ರ ಒಂದೇ. ಮಗಳಿಗಾಗಿ ಇಷ್ಟು ಹಣ ಸುರಿದು ಇಷ್ಟು ದೂರ ಹೋದ ಮೇಲೆ ಬಾಗಿಲು ಮುಚ್ಚಿದ್ದರೆ? ಅಥವಾ ಬಾಗಿಲು ತೆರೆದಿದ್ದು, ಅತ್ತೆಯವರು ಎರಡು ಗಂಟೆ ಸಾಲಿನಲ್ಲಿ ನಿಂತು ಬಳಲಿಹೋದರೆ? ಬೆಂಗಳೂರಿನಿಂದ ಸಣ್ಣ ಗುಂಪುಗಳನ್ನು ಇಟಲಿಯ ಕಲಾನಗರಗಳಿಗೆ ಕರೆದೊಯ್ಯುವುದು ನನ್ನ ವೃತ್ತಿ. ಈಸ್ಟರ್ ವಾರದಲ್ಲೂ ಕರೆದೊಯ್ದಿದ್ದೇನೆ, ಮೊಣಕಾಲು ನೋವಿನ ಹಿರಿಯರನ್ನೂ ಕರೆದೊಯ್ದಿದ್ದೇನೆ. ನಿಮ್ಮ ಭಯಕ್ಕೆ ಆಧಾರವಿದೆ. ಆದರೆ ಅದರಲ್ಲಿ ಒಂದಷ್ಟು ಸುಳ್ಳೂ ಬೆರೆತಿದೆ.

ಮೊದಲಿಗೆ "ಊರೆಲ್ಲ ಮುಚ್ಚಿರುತ್ತದೆ" ಎಂಬ ಮಾತು. ನಮ್ಮಲ್ಲಿ ಗುಡ್ ಫ್ರೈಡೆ ಸರ್ಕಾರಿ ರಜೆ, ಹಾಗಾಗಿ ಅಲ್ಲಿಯೂ ಹಾಗೆಯೇ ಎಂದು ನಾವು ಎಣಿಸುತ್ತೇವೆ. ಇಟಲಿಯಲ್ಲಿ ಗುಡ್ ಫ್ರೈಡೆ ಕೆಲಸದ ದಿನ. ಅಂಗಡಿ, ಬ್ಯಾಂಕ್, ವಸ್ತುಸಂಗ್ರಹಾಲಯ ಎಲ್ಲವೂ ತೆರೆದಿರುತ್ತವೆ. ಶನಿವಾರವೂ ಹಾಗೆಯೇ. ಭಾನುವಾರ ಅಂಗಡಿಗಳು ಬಹುಪಾಲು ಮುಚ್ಚುತ್ತವೆ, ಚರ್ಚುಗಳು ಪ್ರಾರ್ಥನೆಗೆ ಮೀಸಲು, ಆದರೆ ಉಫಿಜಿ ಮತ್ತು ಡೇವಿಡ್ ವಿಗ್ರಹವಿರುವ ಅಕಾದೆಮಿಯಾ ಭಾನುವಾರ ತೆರೆದಿರುವ ಸಂಸ್ಥೆಗಳು. ನಿಮಗೆ ನಿಜವಾಗಿ ತೊಡಕಾಗುವುದು ಸೋಮವಾರ. ಈಸ್ಟರ್ ಮರುದಿನ ಅಲ್ಲಿ ರಾಷ್ಟ್ರೀಯ ರಜೆ. 'ಪಾಸ್ಕ್ವೆತ್ತಾ' ಎಂದು ಕರೆಯುತ್ತಾರೆ, ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊರಸಂಚಾರಕ್ಕೆ ಹೊರಡುವ ದಿನ. ಉಫಿಜಿ, ಅಕಾದೆಮಿಯಾ ಎರಡಕ್ಕೂ ಸೋಮವಾರ ವಾರದ ರಜೆ. ಹಬ್ಬದ ಸೋಮವಾರವೆಂದು ವಿಶೇಷವಾಗಿ ತೆರೆಯುವುದುಂಟು, ಆದರೆ ಆ ಪ್ರಕಟಣೆ ಹೊರಬೀಳುವುದು ತಡವಾಗಿ. ಅದನ್ನು ನಂಬಿಕೊಂಡು ಡೇವಿಡ್ ವಿಗ್ರಹವನ್ನು ಸೋಮವಾರಕ್ಕೆ ಇಟ್ಟುಕೊಳ್ಳಬೇಡಿ.

ಒಂದು ವಿಷಯದಲ್ಲಿ ನಿಮಗೆ ಅನುಕೂಲವಾಗಿದೆ. ಇಟಲಿಯ ಸರ್ಕಾರಿ ವಸ್ತುಸಂಗ್ರಹಾಲಯಗಳಿಗೆ ತಿಂಗಳ ಮೊದಲ ಭಾನುವಾರ ಪ್ರವೇಶ ಉಚಿತ. ಆ ದಿನ ಈಸ್ಟರ್ ಕೂಡ ಬಂದರೆ ಸಾಲು ಕರಗುವುದೇ ಇಲ್ಲ. 2027ರ ಈಸ್ಟರ್ ಮಾರ್ಚ್ 28, ತಿಂಗಳ ಕೊನೆಯ ಭಾನುವಾರ.

ಅದೇ ಕಾರಣಕ್ಕೆ ಇನ್ನೊಂದು ತೊಡಕು ಬಂದಿದೆ, ಅದನ್ನು ಯಾರೂ ನಿಮಗೆ ಹೇಳಿರಲಾರರು. ಯೂರೋಪಿನಲ್ಲಿ ಗಡಿಯಾರ ಮುಂದಕ್ಕೆ ತಿರುಗಿಸುವುದು ಮಾರ್ಚ್ ತಿಂಗಳ ಕೊನೆಯ ಭಾನುವಾರದ ನಸುಕಿನಲ್ಲಿ. ಅಂದರೆ ಶನಿವಾರ ರಾತ್ರಿ ಮಲಗಿ ಏಳುವಷ್ಟರಲ್ಲಿ ಎರಡು ಗಂಟೆ ಮೂರಾಗಿರುತ್ತದೆ. ಮೊಬೈಲ್ ತಾನೇ ಸರಿಪಡಿಸಿಕೊಳ್ಳುತ್ತದೆ. ಅತ್ತೆಯವರ ಕೈಗಡಿಯಾರ ಸರಿಪಡಿಸಿಕೊಳ್ಳುವುದಿಲ್ಲ. ಭಾನುವಾರ ಬೆಳಗಿನ ಹೊತ್ತಿಗೆ ಟಿಕೆಟ್ ತೆಗೆದಿದ್ದರೆ ಒಂದು ಗಂಟೆ ನಿದ್ದೆ ಹೋಯಿತೆಂದೇ ಲೆಕ್ಕ. ಬದಲಿಗೆ ಅಂದಿನಿಂದ ಸಂಜೆ ಏಳೂವರೆಯವರೆಗೆ ಬೆಳಕಿರುತ್ತದೆ.

ಈಗ "ಕಾಲಿಡಲು ಜಾಗವಿರುವುದಿಲ್ಲ" ಎಂಬ ಮಾತಿಗೆ ಬರೋಣ. ಜನ ಏಕೆ ಅಷ್ಟು ಸೇರುತ್ತಾರೆ ಎಂಬುದು ಅರ್ಥವಾದರೆ ತಪ್ಪಿಸಿಕೊಳ್ಳುವ ದಾರಿಯೂ ಕಾಣುತ್ತದೆ. ಫ್ಲಾರೆನ್ಸ್‌ನ ಹಳೆಯ ಊರು ಬಹಳ ಚಿಕ್ಕದು. ರೈಲು ನಿಲ್ದಾಣದಿಂದ ಪೊಂತೆ ವೆಕ್ಕಿಯೊ ಸೇತುವೆಗೆ ನಡೆದರೆ ಹೆಚ್ಚೆಂದರೆ ಇಪ್ಪತ್ತು ನಿಮಿಷ. ಇಷ್ಟು ಸಣ್ಣ ಜಾಗದಲ್ಲಿ ಅಷ್ಟೊಂದು ಕಲೆ ಉಳಿದಿರುವುದಕ್ಕೆ ಮುಖ್ಯ ಕಾರಣ ಒಬ್ಬ ಹೆಣ್ಣುಮಗಳು. ಊರನ್ನು ಆಳಿದ ಮೆದಿಚಿ ಮನೆತನದ ಕೊನೆಯ ಕುಡಿ ಆನ್ನಾ ಮರಿಯಾ ಲುಯಿಸಾ 1737ರಲ್ಲಿ ಮಾಡಿಕೊಂಡ ಒಪ್ಪಂದದ ಪ್ರಕಾರ, ಮನೆತನದ ಚಿತ್ರ, ಶಿಲ್ಪ, ಗ್ರಂಥ, ಒಡವೆಗಳಲ್ಲಿ ಯಾವುದನ್ನೂ ಊರಿನಿಂದ ಹೊರಗೆ ಸಾಗಿಸುವಂತಿಲ್ಲ. ಬೇರೆ ರಾಜಮನೆತನಗಳ ಸಂಗ್ರಹಗಳು ಹರಾಜಾಗಿ ಚದುರಿಹೋದವು. ಇದು ಇದ್ದಲ್ಲಿಯೇ ಉಳಿಯಿತು. ಆ ನಿರ್ಧಾರದ ಫಲವನ್ನು ನೋಡಲು ಈಗ ಜಗತ್ತೇ ಬರುತ್ತದೆ. ವೇಗದ ರೈಲಿನಲ್ಲಿ ರೋಮ್‌ನಿಂದ ಒಂದೂವರೆ ಗಂಟೆ, ಮಿಲಾನ್‌ನಿಂದ ಸುಮಾರು ಎರಡು ಗಂಟೆ. ಲಿವೊರ್ನೊ ಬಂದರಿಗೆ ಬರುವ ಪ್ರವಾಸಿ ಹಡಗುಗಳು ಜನರನ್ನು ಬಸ್ಸುಗಳಲ್ಲಿ ತುಂಬಿ ಕಳಿಸುತ್ತವೆ. ವಸಂತಕಾಲವೆಂದರೆ ಇಟಲಿಯ ಶಾಲೆಗಳ ಶೈಕ್ಷಣಿಕ ಪ್ರವಾಸದ ಕಾಲವೂ ಹೌದು. ಇದರ ಮೇಲೆ ಈಸ್ಟರ್ ರಜೆ.

ಇವರಲ್ಲಿ ದೊಡ್ಡ ಪಾಲು ಬೆಳಗ್ಗೆ ಹತ್ತರ ಮೇಲೆ ಬಂದು ಸಂಜೆ ಆರರೊಳಗೆ ಹೊರಡುವವರು. ಎಲ್ಲರೂ ಹೋಗುವುದು ಅದೇ ನಾಲ್ಕೈದು ಬಾಗಿಲುಗಳಿಗೆ: ಊರಿನ ಮುಖ್ಯ ಚರ್ಚಾದ ದುವೋಮೊ, ಅದರ ಗುಮ್ಮಟ, ಅಕಾದೆಮಿಯಾ, ಉಫಿಜಿ, ಪೊಂತೆ ವೆಕ್ಕಿಯೊ. ಆಗಸ್ಟ್ 15ರ ಆಸುಪಾಸಿನಲ್ಲಿ ಲಾಲ್‌ಬಾಗ್‌ಗೆ ಹೋದವರಿಗೆ ಇದು ಹೊಸದಲ್ಲ. ಫಲಪುಷ್ಪ ಪ್ರದರ್ಶನಕ್ಕೆಂದು ಗಾಜಿನ ಮನೆಯಲ್ಲಿ ಉಸಿರಾಡಲು ಜಾಗವಿರುವುದಿಲ್ಲ. 240 ಎಕರೆಯ ಉಳಿದ ತೋಟದಲ್ಲಿ, ಕೆರೆಯ ದಂಡೆಯ ಕಡೆ, ಕಲ್ಲುಬೆಂಚುಗಳು ಖಾಲಿ ಇರುತ್ತವೆ. ಫ್ಲಾರೆನ್ಸ್ ಹೀಗೆಯೇ. ಈಸ್ಟರ್ ಶನಿವಾರ ಬೆಳಗ್ಗೆ ಏಳೂವರೆಗೆ ಸಿಞ್ಞೊರಿಯಾ ಚೌಕಕ್ಕೆ ಹೋಗಿ ನೋಡಿ. ಬೀದಿ ತೊಳೆಯುವವರು, ಅಂಗಡಿಗೆ ಸಾಮಾನು ಇಳಿಸುವವರು, ನೀವು. ಶಿಲ್ಪಿ ಚೆಲ್ಲಿನಿಯ ಪರ್ಸಿಯಸ್ ಕಂಚಿನ ಪ್ರತಿಮೆ ಲೊಜ್ಜಿಯಾ ಎಂಬ ತೆರೆದ ಮಂಟಪದ ಕಮಾನಿನ ಕೆಳಗೆ ಬಯಲಲ್ಲೇ ನಿಂತಿದೆ. ಟಿಕೆಟ್ ಇಲ್ಲ, ಸಾಲಿಲ್ಲ. ನಿಮ್ಮ ಮಗಳು ಅದರ ಬುಡದಲ್ಲಿ ಕುಳಿತು ಅರ್ಧ ಗಂಟೆ ರೇಖಾಚಿತ್ರ ಬರೆಯಬಹುದು. ಹನ್ನೊಂದಕ್ಕೆ ಅದೇ ಜಾಗದಲ್ಲಿ ನಿಲ್ಲಲೂ ಆಗುವುದಿಲ್ಲ.

ಪೀಸಾದಲ್ಲಿ ಉಳಿಯುವ ಸಲಹೆಯನ್ನು ನಾನು ಒಪ್ಪದಿರುವುದು ಈ ಕಾರಣಕ್ಕೆ. ಪೀಸಾದಿಂದ ಫ್ಲಾರೆನ್ಸ್‌ಗೆ ರೈಲಿನಲ್ಲಿ ಸುಮಾರು ಒಂದು ಗಂಟೆ, ವಸತಿ ಕೊಂಚ ಅಗ್ಗವೂ ಆಗಬಹುದು. ಆದರೆ ಹಾಗೆ ಮಾಡಿದರೆ ನೀವೂ ಹತ್ತಕ್ಕೆ ಬಂದು ಆರಕ್ಕೆ ಹೊರಡುವ ಗುಂಪಿಗೆ ಸೇರಿಬಿಡುತ್ತೀರಿ. ಊರು ಖಾಲಿಯಾಗಿರುವ ಎರಡು ಹೊತ್ತುಗಳು, ಬೆಳಗಿನ ಏಳರಿಂದ ಒಂಬತ್ತೂವರೆ ಮತ್ತು ಸಂಜೆ ಆರರ ನಂತರ, ನಿಮ್ಮ ಕೈತಪ್ಪುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಮಧ್ಯಾಹ್ನ ಅತ್ತೆಯವರು ಕೋಣೆಗೆ ಹೋಗಿ ಕಾಲು ಚಾಚಿ ಮಲಗುವ ಅವಕಾಶವೇ ಇರುವುದಿಲ್ಲ. ಹಳೆಯ ಊರಿನೊಳಗೇ ಉಳಿಯಿರಿ, ಸಾಂತಾ ಕ್ರೋಚೆಯ ಪೂರ್ವದ ಬೀದಿಗಳಲ್ಲೋ ನದಿಯಾಚೆಯ ಓಲ್ತ್ರಾರ್ನೊದಲ್ಲೋ. ಹೋಟೆಲ್ ಕಾಯ್ದಿರಿಸುವ ಮುನ್ನ ಎರಡು ಮಾತು ಲಿಖಿತವಾಗಿ ಕೇಳಿ: ಲಿಫ್ಟ್ ಇದೆಯೇ, ಮತ್ತು ಬೀದಿಬಾಗಿಲಿನಿಂದ ಲಿಫ್ಟ್‌ವರೆಗೆ ಎಷ್ಟು ಮೆಟ್ಟಿಲು? ಹಳೆಯ ಅರಮನೆಗಳನ್ನು ವಸತಿಗೃಹ ಮಾಡಿರುವಲ್ಲಿ ಲಿಫ್ಟ್ ಮೊದಲ ಮಹಡಿಯಿಂದ ಶುರುವಾಗುವುದುಂಟು.

ರೋಮ್ ಮತ್ತು ಫ್ಲಾರೆನ್ಸ್ ದಿನಗಳನ್ನು ಅದಲುಬದಲು ಮಾಡಿ, ಈಸ್ಟರ್‌ಗೆ ರೋಮ್‌ನಲ್ಲಿದ್ದರೆ ಹೇಗೆ ಎಂದು ಕೆಲವರು ಕೇಳುತ್ತಾರೆ. ಬೇಡ. ಈಸ್ಟರ್ ಭಾನುವಾರ ಪೋಪ್ ಅವರ ಆಶೀರ್ವಾದಕ್ಕೆ ಸೇರುವ ಜನಸ್ತೋಮ ಇನ್ನೂ ದೊಡ್ಡದು. ವ್ಯಾಟಿಕನ್ ವಸ್ತುಸಂಗ್ರಹಾಲಯ ಭಾನುವಾರ, ಸೋಮವಾರ ಎರಡೂ ದಿನ ಮುಚ್ಚಿರುತ್ತದೆ. ನೀವು ಹಾಕಿಕೊಂಡಿರುವ ಕ್ರಮವೇ ಸರಿ.

ಏಜೆಂಟರ ಪ್ಯಾಕೇಜಿನ ಬಗ್ಗೆ ಬಿಚ್ಚಿ ಹೇಳುತ್ತೇನೆ. ಸಾಲು ಎರಡು ಬಗೆ. ಒಂದು ಟಿಕೆಟ್ ಕೊಳ್ಳುವ ಸಾಲು, ಇನ್ನೊಂದು ಭದ್ರತಾ ತಪಾಸಣೆಯ ಸಾಲು. ಮೊದಲನೆಯದನ್ನು ಮುಂಗಡ ಟಿಕೆಟ್ ತೆಗೆದ ಯಾರು ಬೇಕಾದರೂ ತಪ್ಪಿಸಬಹುದು. ಎರಡನೆಯದನ್ನು ಎಷ್ಟು ಹಣ ಕೊಟ್ಟವರೂ ತಪ್ಪಿಸಲಾರರು. ಇತ್ತೀಚಿನ ವರ್ಷಗಳಲ್ಲಿ ಉಫಿಜಿಯ ಪ್ರವಾಸಿ ಋತುವಿನ ಟಿಕೆಟ್ 25 ಯೂರೊ, ಮುಂಗಡ ಕಾಯ್ದಿರಿಸಲು 4 ಯೂರೊ; ಅಕಾದೆಮಿಯಾ ಅದಕ್ಕಿಂತ ಅಗ್ಗ. ಇನ್ನು ಮಗಳ ವಿಷಯ: ಇಟಲಿಯ ಸರ್ಕಾರಿ ವಸ್ತುಸಂಗ್ರಹಾಲಯಗಳಲ್ಲಿ ಹದಿನೆಂಟು ತುಂಬದವರಿಗೆ, ಯಾವ ದೇಶದವರಾದರೂ, ಪ್ರವೇಶ ಉಚಿತ. ಕಾಯ್ದಿರಿಸುವ ಶುಲ್ಕ ಮಾತ್ರ ಕಟ್ಟಬೇಕು, ವಯಸ್ಸಿನ ದಾಖಲೆಗೆ ಅವಳ ಪಾಸ್‌ಪೋರ್ಟ್ ಜೊತೆಗಿರಬೇಕು. ಹೀಗಿರುವಾಗ ಅವಳಿಗೂ 110 ಯೂರೊ ಏಕೆ ಎಂದು ಏಜೆಂಟರನ್ನು ಕೇಳಿ. ಆ ಹಣದಲ್ಲಿ ಪರವಾನಗಿ ಇರುವ ಮಾರ್ಗದರ್ಶಿ ಸೇರಿದ್ದು, ಗುಂಪು ಎಂಟು ಹತ್ತು ಜನಕ್ಕೆ ಮೀರದಿದ್ದರೆ ಅದಕ್ಕೊಂದು ಬೆಲೆ ಇದೆ; ಒಳ್ಳೆಯ ಮಾರ್ಗದರ್ಶಿ ಚಿತ್ರವನ್ನು ನೋಡುವ ಕಣ್ಣು ಕೊಡುತ್ತಾರೆ. ಬರಿಯ ಟಿಕೆಟ್ ಆದರೆ ಬೇಡ. ಅಂಥ ಪ್ಯಾಕೇಜುಗಳಲ್ಲಿ ಇನ್ನೊಂದು ಅಪಾಯವಿದೆ: ಯಾವ ಗಂಟೆಯ ಪ್ರವೇಶ ಎಂಬುದು ಕೊನೆಯವರೆಗೂ ಖಚಿತವಾಗುವುದಿಲ್ಲ, ಕೊನೆಗೆ ಸಿಗುವುದು ಮಧ್ಯಾಹ್ನ ಹನ್ನೆರಡು. ನಿಮ್ಮ ಮನೆಯವರಿಗೆ ಗಂಟೆಯೇ ಮುಖ್ಯ.

ಮುಂಗಡ ಕಾಯ್ದಿರಿಸುವುದರಲ್ಲೂ ಅಪಾಯವಿಲ್ಲದಿಲ್ಲ. ವೀಸಾ ಕೈಗೆ ಬರುವ ಮೊದಲೇ ಟಿಕೆಟ್ ತೆಗೆಯಬೇಕಾಗುತ್ತದೆ. ವೀಸಾ ತಡವಾದರೆ ಆ ಹಣ ಹೋಗಬಹುದು. ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಬೆಂಗಳೂರಿನಲ್ಲಿ ಬೇಸಿಗೆ ರಜೆಗೆ ಹೊರಡುವವರ ಅರ್ಜಿಗಳು ಜನವರಿಯಿಂದ ಏರತೊಡಗುತ್ತವೆ, ಅದಕ್ಕೂ ಮೊದಲೇ ಮುಗಿಸಿಕೊಳ್ಳಿ. ಹೋಟೆಲ್ ಮಾತ್ರ ರದ್ದು ಮಾಡಿದರೆ ಹಣ ಮರಳುವಂಥದ್ದನ್ನೇ ತೆಗೆದುಕೊಳ್ಳಿ.

ಈಗ ದಿನಗಳ ಲೆಕ್ಕ.

ಶುಕ್ರವಾರ ಮಧ್ಯಾಹ್ನದೊಳಗೆ ರೋಮ್‌ನಿಂದ ಬಂದು, ಊಟ ಮಾಡಿ, ಅತ್ತೆಯವರು ವಿಶ್ರಾಂತಿ ಪಡೆದ ಮೇಲೆ ನಾಲ್ಕು ಗಂಟೆಗೆ ಉಫಿಜಿ. ಸಂಜೆ ಆರೂವರೆಯವರೆಗೆ ತೆರೆದಿರುತ್ತದೆ. ದಿನದ ಗುಂಪುಗಳು ಆ ಹೊತ್ತಿಗೆ ಸೋತು ಹೊರಬೀಳುತ್ತಿರುತ್ತವೆ. ಎರಡೂವರೆ ಗಂಟೆಯಲ್ಲಿ ಎಲ್ಲವನ್ನೂ ನೋಡಲಾಗದು, ನೋಡಲೂಬಾರದು. 1560ರಲ್ಲಿ ಕೊಸಿಮೊ ದೊರೆಗಾಗಿ ವಸಾರಿ ಕಟ್ಟತೊಡಗಿದ ಈ ಕಟ್ಟಡ ಸರ್ಕಾರಿ ಕಚೇರಿಗಳಿಗೆಂದು ಯೋಜಿಸಿದ್ದು. ಉದ್ದನೆಯ ಎರಡು ಮೊಗಸಾಲೆ, ಪಕ್ಕದಲ್ಲಿ ಸಾಲಾಗಿ ಕೋಣೆಗಳು, ಸಣ್ಣ ಬಾಗಿಲುಗಳು. ಜನ ಕಿಕ್ಕಿರಿಯುವುದು ಬೊಟಿಚೆಲ್ಲಿಯ 'ವೀನಸ್ ಜನನ' ಇರುವ ಕೋಣೆಯಲ್ಲಿ. ಅಲ್ಲಿಗೆ ಓಡುವವರು ಶುರುವಿನಲ್ಲೇ ಇರುವ ಒಂದು ಕೋಣೆಯನ್ನು ಎರಡು ನಿಮಿಷದಲ್ಲಿ ದಾಟಿಬಿಡುತ್ತಾರೆ. ಮಗಳನ್ನು ಅಲ್ಲಿ ಕಾಲು ಗಂಟೆ ನಿಲ್ಲಿಸಿ.

ಆ ಕೋಣೆಯಲ್ಲಿ ಮರದ ಹಲಗೆಯ ಮೇಲೆ ಬರೆದ ಮೂರು ಬೃಹತ್ ಚಿತ್ರಗಳಿವೆ, ಮೂರರ ವಸ್ತುವೂ ಒಂದೇ: ಸಿಂಹಾಸನದ ಮೇಲೆ ಮಗುವಿನೊಂದಿಗೆ ಕುಳಿತ ಮೇರಿ. ಒಂದು ಚಿಮಾಬುಯೆಯದು, ಇನ್ನೊಂದು ದುಚ್ಚೊ ಬರೆದದ್ದು, ಮೂರನೆಯದು ಸುಮಾರು 1310ರ ಜೊಟ್ಟೊ. ಮೊದಲಿನವೆರಡರಲ್ಲಿ ಬಟ್ಟೆಯ ಮೇಲೆ ಚಿನ್ನದ ಗೆರೆಗಳು ಅಲಂಕಾರವಾಗಿ ಹರಿಯುತ್ತವೆ. ದೇಹ ಎಲ್ಲಿದೆ ಎಂದು ಹುಡುಕಬೇಕು. ಜೊಟ್ಟೊ ಬರೆದ ಮೇರಿಯ ಮೊಣಕಾಲುಗಳು ಬಟ್ಟೆಯನ್ನು ಒಳಗಿನಿಂದ ತಳ್ಳುತ್ತವೆ, ಎದೆಯ ಉಬ್ಬು ಬಿಳಿಯ ಒಳಉಡುಪಿನಡಿ ಕಾಣುತ್ತದೆ, ಕುಳಿತ ಮೈಯ ಭಾರ ಪೀಠದ ಮೇಲೆ ಬಿದ್ದಿದೆ. ಕೆಲವೇ ದಶಕಗಳಲ್ಲಿ ಚಿತ್ರಕಾರರು ಮನುಷ್ಯರನ್ನು ನೋಡುವ ರೀತಿಯೇ ಬದಲಾದದ್ದು ಒಂದೇ ಕೋಣೆಯಲ್ಲಿ ಎದುರೆದುರು ಸಿಗುವುದು ಅಪರೂಪ. ಕಲೆ ಕಲಿಯುತ್ತಿರುವ ಹುಡುಗಿಗೆ ಈ ಕೋಣೆಯೊಂದೇ ಪ್ರಯಾಣದ ಖರ್ಚಿಗೆ ಸಮ ಎಂದು ನಾನು ನಂಬುತ್ತೇನೆ. ಅತ್ತೆಯವರು ಮೊಗಸಾಲೆಯ ಬೆಂಚಿನಲ್ಲಿ ಕುಳಿತು ಕಿಟಕಿಯಿಂದ ಆರ್ನೊ ನದಿ ನೋಡುತ್ತಿರಲಿ. ಮುಖ್ಯ ಸಂಗ್ರಹ ಎರಡನೆಯ ಮಹಡಿಯಲ್ಲಿದೆ, ಮೆಟ್ಟಿಲು ಬಹಳ. ಒಳಹೊಕ್ಕ ಕೂಡಲೇ ಸಿಬ್ಬಂದಿಯನ್ನು ಲಿಫ್ಟ್ ಎಲ್ಲಿದೆ ಎಂದು ಕೇಳಿ.

ಶನಿವಾರ ಬೆಳಗ್ಗೆ ಎಂಟೂಕಾಲರ ಮೊದಲ ಪ್ರವೇಶಕ್ಕೆ ಅಕಾದೆಮಿಯಾ. ಇದಕ್ಕೆ ಬೇರೆ ಹೊತ್ತು ಸಿಕ್ಕಿದರೂ ಒಪ್ಪಬೇಡಿ. ಅಲ್ಲಿನ ಇಕ್ಕಟ್ಟಿಗೆ ಕಟ್ಟಡದ ರಚನೆಯೇ ಕಾರಣ: ಮೈಕೆಲಾಂಜೆಲೊ ಅರ್ಧಕ್ಕೆ ಬಿಟ್ಟ ಸೆರೆಯಾಳುಗಳ ಶಿಲ್ಪಗಳು ಎರಡೂ ಬದಿಗಿರುವ ಒಂದೇ ಪಡಸಾಲೆ, ಅದರ ತುದಿಯಲ್ಲಿ 5.17 ಮೀಟರ್ ಎತ್ತರದ ಡೇವಿಡ್. ಬಂದವರೆಲ್ಲ ಆ ಪಡಸಾಲೆಯಲ್ಲೇ ಸೇರುತ್ತಾರೆ. ಮೊದಲ ಅರ್ಧ ಗಂಟೆ ಮಾತ್ರ ವಿಗ್ರಹದ ಸುತ್ತ ನಿಧಾನವಾಗಿ ನಡೆಯಬಹುದು. ಈ ಶಿಲ್ಪಗಳೆಲ್ಲ ನೆಲಮಹಡಿಯಲ್ಲೇ ಇರುವುದರಿಂದ ಅತ್ತೆಯವರಿಗೂ ಕಷ್ಟವಿಲ್ಲ. ಟಿಕೆಟ್ ಸಿಗದೇ ಹೋದರೆ? 1504ರಿಂದ 1873ರವರೆಗೆ ಮೂಲ ವಿಗ್ರಹ ನಿಂತಿದ್ದ ಸಿಞ್ಞೊರಿಯಾ ಚೌಕದಲ್ಲಿ ಈಗ ಅದರ ಪೂರ್ಣ ಗಾತ್ರದ ಪ್ರತಿಕೃತಿ ಇದೆ. ಬಯಲು ಬೆಳಕಿನಲ್ಲಿ, ಕೆಳಗಿನಿಂದ ತಲೆಯೆತ್ತಿ ನೋಡುವುದು ಬೇರೆಯದೇ ಅನುಭವ. ಅದು ಮೂಲಕ್ಕೆ ಸಮವಲ್ಲ, ಆದರೆ ಅಳುತ್ತಾ ಕೂರಬೇಕಾದ ನಷ್ಟವೂ ಅಲ್ಲ.

ಅಕಾದೆಮಿಯಾದಿಂದ ಐದು ನಿಮಿಷ ನಡೆದರೆ ಸಾನ್ ಮಾರ್ಕೊ ಮಠ. ತೆರೆಯುವ ದಿನ, ಗಂಟೆಗಳನ್ನು ಮೊದಲೇ ನೋಡಿಕೊಳ್ಳಿ, ಬೆಳಗಿನ ಹೊತ್ತಿಗೇ ಇಟ್ಟುಕೊಳ್ಳಿ. ಮೆಟ್ಟಿಲು ಹತ್ತಿ ಮುಗಿಯುವಲ್ಲಿ ಫ್ರಾ ಆಂಜೆಲಿಕೊನ ದೇವದೂತ ಮತ್ತು ಮೇರಿಯ ಭಿತ್ತಿಚಿತ್ರ ಎದುರಾಗುತ್ತದೆ. ಆಮೇಲೆ ಸಾಲುಸಾಲು ಸನ್ಯಾಸಿಗಳ ಕೋಣೆಗಳು: ಒಂದು ಸಣ್ಣ ಕಿಟಕಿ, ಪಕ್ಕದ ಗೋಡೆಯ ಮೇಲೆ ಒಂದು ಚಿತ್ರ, ಬೇರೇನೂ ಇಲ್ಲ. ಒಬ್ಬ ಮನುಷ್ಯ ಒಂದೇ ಚಿತ್ರದೊಡನೆ ಬದುಕಲೆಂದು ಬರೆದ ಚಿತ್ರಗಳಿವು. ಉಫಿಜಿಯಲ್ಲಿ ನೂರಾರು ಜನರ ಮೊಬೈಲುಗಳ ನಡುವೆ ನೋಡಿದ ಮೇಲೆ ಇಲ್ಲಿಗೆ ಬಂದರೆ, ಚಿತ್ರ ನೋಡುವುದು ಎಂದರೆ ಏನೆಂದು ಮಗಳಿಗೆ ಯಾರೂ ವಿವರಿಸಬೇಕಾಗುವುದಿಲ್ಲ.

ಮಧ್ಯಾಹ್ನ ಕೋಣೆಗೆ ಮರಳಿ. ನಾಲ್ಕರ ಮೇಲೆ ದುವೋಮೊದ ಹಿಂಬದಿಯಲ್ಲಿರುವ ಅದರದೇ ವಸ್ತುಸಂಗ್ರಹಾಲಯಕ್ಕೆ ಹೋಗಿ. ದುವೋಮೊದ ಗುಮ್ಮಟಕ್ಕೆ ಮಾತ್ರ ಹೋಗಬೇಡಿ ಎನ್ನುತ್ತೇನೆ. ಬ್ರುನೆಲೆಸ್ಕಿ 1420ರಿಂದ 1436ರವರೆಗೆ ಕಟ್ಟಿದ ಆ ಗುಮ್ಮಟ ಅದ್ಭುತವೇ, ಆದರೆ 463 ಮೆಟ್ಟಿಲು, ಲಿಫ್ಟ್ ಇಲ್ಲ, ಎರಡು ಚಿಪ್ಪುಗಳ ನಡುವಿನ ಇಕ್ಕಟ್ಟಾದ ದಾರಿ. ನಡುವೆ ಉಸಿರು ಕಟ್ಟಿದರೆ ತಿರುಗಿ ಬರುವುದು ಸುಲಭವಲ್ಲ. ಅತ್ತೆಯವರನ್ನು ಕೆಳಗೆ ಒಬ್ಬರೇ ಕೂರಿಸಿ ಹೋಗುವುದಂತೂ ಆ ಜನಜಂಗುಳಿಯಲ್ಲಿ ಸಲ್ಲದು. ವಸ್ತುಸಂಗ್ರಹಾಲಯದಲ್ಲಿ ಲಿಫ್ಟ್ ಇದೆ, ಮೇಲಿನ ತಾರಸಿಯಿಂದ ಗುಮ್ಮಟ ಎದುರಿಗೇ ಕಾಣುತ್ತದೆ. ಗಿಬೆರ್ಟಿ 27 ವರ್ಷ ದುಡಿದು ಮಾಡಿದ ಚಿನ್ನದ ಲೇಪದ ಬಾಗಿಲುಗಳ ಮೂಲ ಇರುವುದು ಇಲ್ಲಿ. ಹೊರಗೆ ಜನ ಮುಗಿಬಿದ್ದು ಚಿತ್ರ ತೆಗೆಯುವುದು ಪ್ರತಿಕೃತಿಯನ್ನು. ಮೈಕೆಲಾಂಜೆಲೊ ಮುದಿ ವಯಸ್ಸಿನಲ್ಲಿ ಕೆತ್ತಿ, ಅತೃಪ್ತಿಯಿಂದ ತಾನೇ ಒಡೆದ ಪಿಯೆತಾ, ಅಂದರೆ ಕ್ರಿಸ್ತನ ಶವವನ್ನು ಆತು ಹಿಡಿದವರ ಶಿಲ್ಪವೂ ಇಲ್ಲೇ ಇದೆ. ಕ್ರಿಸ್ತನ ಎಡಗಾಲು ಇಲ್ಲದಿರುವುದನ್ನು ಗಮನಿಸಿ. ಪಕ್ಕದಲ್ಲಿರುವ ಕ್ರಿಸ್ತನ ಶಿಷ್ಯೆ ಮಗ್ದಲೀನಳ ಮುಖ ಬೇರೆಯವರ ಕೈಯಲ್ಲಿ ಮುಗಿದದ್ದು. ನುಣುಪಾಗಿದೆ, ಆದರೆ ಜೀವ ಕಡಿಮೆ. ಹಿಂದೆ ನಿಂತು ಆತುಕೊಂಡಿರುವ ಮುದುಕನ ಮುಖ ಮೈಕೆಲಾಂಜೆಲೊನದೇ.

ಶನಿವಾರ ಸಂಜೆ ಮರೆಯದೆ ಹಣ್ಣು, ಬ್ರೆಡ್, ಮೊಸರು ಕೊಂಡಿಡಿ. ಭಾನುವಾರ, ಸೋಮವಾರ ಅಂಗಡಿ ಹುಡುಕುವ ಕೆಲಸ ಬೇಡ.

ಭಾನುವಾರದ ದೊಡ್ಡ ಆಕರ್ಷಣೆ 'ಸ್ಕೊಪ್ಪಿಯೊ ದೆಲ್ ಕಾರ್ರೊ'. ಬಿಳಿ ಎತ್ತುಗಳು ಎಳೆದು ತರುವ ಎತ್ತರದ ತೇರೊಂದನ್ನು ದುವೋಮೊ ಮುಂದೆ ನಿಲ್ಲಿಸುತ್ತಾರೆ. ಬೆಳಗ್ಗೆ ಹನ್ನೊಂದರ ಸುಮಾರಿಗೆ ಚರ್ಚಿನ ವೇದಿಕೆಯಿಂದ ತಂತಿಯ ಮೇಲೆ ರಾಕೆಟ್ಟಿನಂತೆ ಹೊರಡುವ ಪಾರಿವಾಳದ ಗೊಂಬೆ ತೇರಿಗೆ ಕಟ್ಟಿದ ಮದ್ದಿಗೆ ಬೆಂಕಿ ಮುಟ್ಟಿಸುತ್ತದೆ. ಸುಮಾರು ಇಪ್ಪತ್ತು ನಿಮಿಷ ಪಟಾಕಿಗಳ ಆರ್ಭಟ. ಸರಾಗವಾಗಿ ಹೊತ್ತಿಕೊಂಡರೆ ಆ ವರ್ಷ ಬೆಳೆ ಚೆನ್ನಾಗಿ ಆಗುತ್ತದೆ ಎಂಬ ನಂಬಿಕೆ. ಕ್ರೈಸ್ತರ ಮೊದಲ ಧರ್ಮಯುದ್ಧದಲ್ಲಿ (ಕ್ರುಸೇಡ್) ಪಾತ್ಸಿ ಮನೆತನದವನೊಬ್ಬ ಜೆರುಸಲೇಮಿನಿಂದ ತಂದನೆಂಬ ಚಕಮಕಿ ಕಲ್ಲುಗಳಿಂದಲೇ ಆ ಬೆಂಕಿ ಹುಟ್ಟಿಸುವುದು ಸಂಪ್ರದಾಯ. ಚೌಕದಲ್ಲಿ ಜಾಗ ಬೇಕಾದರೆ ಕನಿಷ್ಠ ಎರಡು ಗಂಟೆ ಮೊದಲೇ ನಿಲ್ಲಬೇಕು, ಕೂರಲು ಏನೂ ಇಲ್ಲ, ಬೇಲಿಯೊಳಗೆ ಹೋದರೆ ಹೊರಬರುವುದು ಕಷ್ಟ, ಸದ್ದು ಕಲ್ಲುಗೋಡೆಗಳಿಗೆ ಬಡಿದು ಇಮ್ಮಡಿಯಾಗುತ್ತದೆ. ಮಗಳು ಮತ್ತು ನಿಮ್ಮ ಪತಿ ಹೋಗಲಿ. ನೀವೂ ಅತ್ತೆಯವರೂ ತೇರು ಹೊರಡುವ ವೀಯಾ ಇಲ್ ಪ್ರಾತೊ ಕಡೆಯ ಬೀದಿಯಲ್ಲಿ ನಿಲ್ಲಿ. ಕೊಂಬಿಗೆ ಹೂ ಕಟ್ಟಿದ ಎತ್ತುಗಳು, ನಗಾರಿ, ಬಾವುಟ ಎಸೆಯುವವರು, ಹಳೆಯ ಕಾಲದ ಉಡುಪಿನ ಮೆರವಣಿಗೆ, ಎಲ್ಲವೂ ಕೈಗೆಟಕುವಷ್ಟು ಹತ್ತಿರ ಸಾಗುತ್ತವೆ. ತೇರಿನ ಚಂದ ಕಾಣುವುದು ಅಲ್ಲಿಯೇ ಎಂಬುದು ನನ್ನ ಅಭಿಪ್ರಾಯ.

ಮಧ್ಯಾಹ್ನದ ನಂತರ ಚರ್ಚುಗಳು ಮತ್ತೆ ತೆರೆದರೆ ಸಾಂತಾ ತ್ರಿನಿತಾಕ್ಕೆ ಹೋಗಿ. ಗಿರ್ಲಾಂದಾಯೊ ಬರೆದ ಸಸ್ಸೆತ್ತಿ ಪೂಜಾಮಂದಿರದ ಪಕ್ಕ ಒಂದು ಪೆಟ್ಟಿಗೆ ಇದೆ. ನಾಣ್ಯ ಹಾಕಿದರೆ ದೀಪ ಹತ್ತುತ್ತದೆ, ತುಸು ಹೊತ್ತಿಗೆ ಆರುತ್ತದೆ. ಚಿಲ್ಲರೆ ಜೊತೆಗಿರಲಿ.

ಸೋಮವಾರಕ್ಕೆ ಎರಡು ದಾರಿ. ಬೆಳಗ್ಗೆ 12 ಅಥವಾ 13ನೇ ಸಂಖ್ಯೆಯ ಬಸ್ಸಿನಲ್ಲಿ ಗುಡ್ಡದ ಮೇಲಿನ ಸಾನ್ ಮಿನಿಯಾತೊ ಚರ್ಚಿಗೆ ಹೋಗಬಹುದು. ಬಸ್ ಇಳಿದ ಮೇಲೆ ಕೊಂಚ ಏರು ಇದೆ. ಅಲ್ಲದಿದ್ದರೆ ಮುಕ್ಕಾಲು ಗಂಟೆಯ ಆಸುಪಾಸಿನ ರೈಲಿನಲ್ಲಿ ಪಿಸ್ತೋಯಾ. ಅಲ್ಲಿನ ಹಳೆಯ ಆಸ್ಪತ್ರೆಯ ಮುಂಭಾಗದಲ್ಲಿ ಬಣ್ಣದ ಮೆರುಗಿನ ಸುಟ್ಟಮಣ್ಣಿನ ಉದ್ದನೆಯ ಪಟ್ಟಿಕೆ ಇದೆ: ಹಸಿದವರಿಗೆ ಅನ್ನ, ಬಟ್ಟೆಯಿಲ್ಲದವರಿಗೆ ಬಟ್ಟೆ, ರೋಗಿಗಳ ಆರೈಕೆ. ಅದು ಬೀದಿಗೆ ಮುಖಮಾಡಿ ನಿಂತಿರುವುದರಿಂದ ಯಾವ ರಜೆಯೂ ಅದನ್ನು ಮುಚ್ಚಲಾರದು. ಸ್ಥಳೀಯ ರೈಲಿನ ಕಾಗದದ ಟಿಕೆಟನ್ನು ಹತ್ತುವ ಮುನ್ನ ಪ್ಲಾಟ್‌ಫಾರಂನ ಯಂತ್ರದಲ್ಲಿ ಒತ್ತಿಸಬೇಕು, ಇಲ್ಲದಿದ್ದರೆ ದಂಡ ಬೀಳುತ್ತದೆ.

ಜೇಬುಗಳ್ಳರು ಇದ್ದಾರೆ. ಹಲ್ಲೆ ಮಾಡುವವರಲ್ಲ, ಗಮನ ಬೇರೆಡೆ ಸೆಳೆದು ಎಗರಿಸುವವರು. ನಿಲ್ದಾಣದ ಟಿಕೆಟ್ ಯಂತ್ರದ ಬಳಿ ಸಹಾಯಕ್ಕೆ ಬರುವ ಅಪರಿಚಿತರು, ಟ್ರಾಮ್ ಹತ್ತುವಾಗಿನ ನೂಕಾಟ, ದುವೋಮೊ ಮುಂದಿನ ಗುಂಪು, ಈ ಮೂರು ಕಡೆ ಎಚ್ಚರ ಸಾಕು. ಬೀದಿಯಲ್ಲಿ ನೆಲಕ್ಕೆ ಚಿತ್ರಗಳನ್ನು ಹರಡಿ, ಯಾರಾದರೂ ತುಳಿದರೆ ದುಡ್ಡಿಗೆ ಪೀಡಿಸುವುದೂ ಉಂಟು. ಜನಜಂಗುಳಿಯಲ್ಲಿ ಕಾಲ ಕೆಳಗೆ ನೋಡಿಕೊಳ್ಳಿ. ಬೀದಿಬದಿಯ ನಕಲಿ ಬ್ರಾಂಡ್ ಚೀಲ ಕೊಂಡರೆ ಕೊಂಡವರಿಗೂ ಭಾರಿ ದಂಡವಿದೆ.

ಊಟದ ವಿಷಯದಲ್ಲಿ ನೀವು ಅಂದುಕೊಂಡಷ್ಟು ಕಷ್ಟವಿಲ್ಲ, ಆದರೆ ತಿಳಿದಿರಬೇಕಾದ ಸೂಕ್ಷ್ಮಗಳಿವೆ. ತಾಜಾ ಪಾಸ್ತಾಗಳಲ್ಲಿ, ಅಂದರೆ ತಾಲಿಯತೆಲ್ಲೆ, ಪಪ್ಪಾರ್ದೆಲ್ಲೆ ಮುಂತಾದವುಗಳಲ್ಲಿ, ಮೊಟ್ಟೆ ಇರುತ್ತದೆ. ಒಣ ಪಾಸ್ತಾ, ಅಂದರೆ ಸ್ಪಾಗೆಟ್ಟಿ, ಪೆನ್ನೆ, ಸಾಮಾನ್ಯವಾಗಿ ಗೋಧಿ ಮತ್ತು ನೀರಷ್ಟೇ. ಪಾರ್ಮೆಜಾನೊ ಚೀಸ್‌ಗೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಬಳಸುತ್ತಾರೆ. ಅತ್ತೆಯವರಿಗೆ ಅದು ಒಪ್ಪದಿದ್ದರೆ ಬೇಡವೆಂದು ಮೊದಲೇ ಹೇಳಿ. ಟೊಮೆಟೊ ಮತ್ತು ಬ್ರೆಡ್ಡಿನ ಪಪ್ಪಾ ಅಲ್ ಪೊಮೊದೊರೊ, ಹುರುಳಿಕಾಯಿ ಜಾತಿಯ ಬಿಳಿ ಕಾಳಿನ ಪಲ್ಯ ಒಳ್ಳೆಯ ಆಯ್ಕೆಗಳು, ಆದರೆ ಮಾಂಸದ ಸಾರು ಹಾಕಿದೆಯೇ ಎಂದು ಕೇಳಿಯೇ ತರಿಸಿ. ಈಸ್ಟರ್ ಮಧ್ಯಾಹ್ನ ಬಹಳಷ್ಟು ಹೋಟೆಲುಗಳಲ್ಲಿ ಕುರಿಮರಿ ಮಾಂಸ ಪ್ರಧಾನವಾದ ಹಬ್ಬದೂಟ ಮಾತ್ರ. ಬೇರೆ ಏರ್ಪಾಡು ಬೇಕೆಂದರೆ ಒಂದು ವಾರ ಮೊದಲೇ ಹೇಳಿಡಬೇಕು. ಒಲೆಯಿರುವ ವಸತಿ ಸಿಕ್ಕರೆ ಎಲ್ಲಕ್ಕಿಂತ ನೆಮ್ಮದಿ. ಅವಲಕ್ಕಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಕೊಂಡೊಯ್ಯಿರಿ. ತುಪ್ಪ, ಪೇಡ, ಖೋವಾ ತಿನಿಸು ಬೇಡ. ಹೊರದೇಶದಿಂದ ಹಾಲಿನ ಪದಾರ್ಥ ತರುವುದನ್ನು ಐರೋಪ್ಯ ಒಕ್ಕೂಟ ನಿಷೇಧಿಸಿದೆ. ಹಸಿ ಕರಿಬೇವನ್ನೂ ಬಿಟ್ಟುಹೋಗಿ, ಪ್ರಮಾಣಪತ್ರವಿಲ್ಲದೆ ಒಳಗೆ ಬಿಡುವುದಿಲ್ಲ. ಬಾಳೆಹಣ್ಣು, ತೆಂಗಿನಕಾಯಿ, ಅನಾನಸ್, ಖರ್ಜೂರ, ದುರಿಯನ್ ಈ ಐದಕ್ಕೆ ಮಾತ್ರ ಆ ನಿಯಮದಿಂದ ವಿನಾಯಿತಿ ಇದೆ.

ಟಿಕೆಟ್ ತೆಗೆಯುವ ಕ್ರಮವನ್ನು ಹೇಳಿ ಮುಗಿಸುತ್ತೇನೆ. ಅಧಿಕೃತ ಜಾಲತಾಣದಲ್ಲಿ ಆ ವಾರದ ದಿನಾಂಕಗಳು ತೆರೆದ ದಿನವೇ ಮೊದಲು ಶನಿವಾರ ಬೆಳಗಿನ ಅಕಾದೆಮಿಯಾ, ಅದು ಖಚಿತವಾದ ಮೇಲೆ ಶುಕ್ರವಾರ ಸಂಜೆಯ ಉಫಿಜಿ. ಶುಕ್ರವಾರ ನಾಲ್ಕು ಗಂಟೆ ಸಿಗದಿದ್ದರೆ ಭಾನುವಾರ ಸಂಜೆಯದನ್ನು ತೆಗೆದುಕೊಳ್ಳಿ. ಅದೂ ಸಿಗದಿದ್ದರೆ ಮಿಲಾನ್ ರೈಲನ್ನು ಮಂಗಳವಾರ ಮಧ್ಯಾಹ್ನದ ನಂತರಕ್ಕೆ ಹಾಕಿಕೊಂಡು, ಅಂದು ಬೆಳಗ್ಗೆ ಎಂಟೂಕಾಲಕ್ಕೆ ಉಫಿಜಿ ನೋಡಿ. ಸಾಮಾನುಗಳನ್ನು ಹೋಟೆಲಿನಲ್ಲೇ ಬಿಟ್ಟಿರಬಹುದು. ನಿಮ್ಮ ವಿಮಾನ ಮಿಲಾನ್‌ನಿಂದ ಅಂದೇ ರಾತ್ರಿಯದಾದರೆ ಮಾತ್ರ ಈ ಕೊನೆಯ ದಾರಿ ಹಿಡಿಯಬೇಡಿ.